ಐದನೆಯ ಕಂಬ

ಇಲ್ಲಿಗೆ ವರ್ಗವಾಗಿ ಬಂದ ಮೊದಲ ಚಳಿಗಾಲ
ನನ್ನ ಪಾಲಿಗೆ ಇದ್ದದ್ದು ಹನ್ನೊಂದು ಪಠ್ಯಪುಸ್ತಕ, ಇಪ್ಪತ್ತಮೂರು ಮಕ್ಕಳು,
ಒಂದು ಒಲೆ.
ಕಿಟಕಿಯಾಚೆ ಪಂಜ್ ನದಿ,
ನದಿಯಾಚೆ ಅಫ್ಘಾನಿಸ್ತಾನದ ಬೆಟ್ಟಕ್ಕೆ ಅಂಟಿಕೊಂಡ ಕಾಲುಹಾದಿ,
ಅದರ ಮೇಲೆ ದಿನಕ್ಕೊಂದು ಕತ್ತೆ.

ಪುಸ್ತಕದಲ್ಲಿ ಮಿಸ್ಟರ್ ಪಾರ್ಕಿನ್
ದಿನಾ ಬೆಳಗ್ಗೆ ರೈಲು ಹಿಡಿಯುತ್ತಾನೆ.
ಇಲ್ಲಿ ಯಾರೂ ರೈಲು ಕಂಡವರಲ್ಲ.
ಎಲ್ಲಿದ್ದಾನೆ ಮಿಸ್ಟರ್ ಪಾರ್ಕಿನ್, ಇಂಗ್ಲಿಷಿನಲ್ಲಿ ಹೇಳಿ, ಎಂದರೆ
ಇಪ್ಪತ್ತಮೂರು ಜೊತೆ ಕಣ್ಣು ಒಲೆಯ ಕಡೆಗೆ,
ಅವನನ್ನು ಅದರೊಳಗೇ ಹಾಕಿ ಸುಟ್ಟವರ ಹಾಗೆ.

ಬರೆಯಿರಿ ಎಂದರೆ ಬರೆಯುತ್ತಿದ್ದರು,
ಭೂತ, ವರ್ತಮಾನ, ಭವಿಷ್ಯತ್ತು, ಮುತ್ತು ಪೋಣಿಸಿದಂತೆ.
ಮಾತಾಡಿ ಎಂದರೆ ಮಾತ್ರ
ಬಾಯಿ, ರಾತ್ರಿ ಹೆಪ್ಪುಗಟ್ಟಿದ ನಲ್ಲಿ.

ಬೀರುವಿನ ಹಿಂದೆ ವಾಲ್‌ಪೇಪರಿನ ಸುರುಳಿಯೊಂದು ಸಿಕ್ಕಿತು,
ಮುಂದೆ ಗುಲಾಬಿ, ಬೆನ್ನು ಬರಿ ಬಿಳಿ.
ಒಲೆಯಲ್ಲಿ ಆರಿದ ಇದ್ದಿಲು.
ಚಿತ್ರ ನನ್ನ ಕೈಗೆ ಹತ್ತಿದ ವಿದ್ಯೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.
ಹಸು ಬರೆದೆ.

ಡಾಗ್, ಎಂದ ಇಮತ್‌ಷೋ.
ನೋ, ಟೇಬಲ್, ಎಂದಳು ಸವ್ಸನ್.
ಟೇಬಲ್ ಹ್ಯಾಸ್ ನೋ ಟೇಲ್!
ದಿಸ್ ಟೇಬಲ್ ಹ್ಯಾಸ್! ಎಂದಿತು ಹಿಂದಿನ ಬೆಂಚು.
ನೆತ್ತಿಯ ಮೇಲಿನವು ಕೊಂಬೋ ಕಿವಿಯೋ ಎಂಬ ಜಗಳದಲ್ಲಿ
ಎಂಟು ವಾರ ನಾನು ಗೋಗರೆದರೂ ಹೊರಬರದಷ್ಟು ಇಂಗ್ಲಿಷು
ಒಂದೇ ತಾಸಿನಲ್ಲಿ ಖರ್ಚಾಯಿತು.
ಹಸುವಿನ ಮಾನ ಹೋಯಿತು. ಹೋಗಲಿ.

ಆಮೇಲೆ ದಿನಕ್ಕೊಂದು ಮೊಳ ಕಾಗದ.
ಕೆಟ್ಟು ನಿಂತ ಲಾರಿ, ಅದರಡಿಯಿಂದ ಚಾಚಿದ ಎರಡು ಕಾಲು, ಯಾರವು?
ಅರ್ಧ ತೆರೆದ ಬಾಗಿಲು, ಹೊಸ್ತಿಲಲ್ಲಿ ಒಂದೇ ಚಪ್ಪಲಿ.
ಕಡ್ಡಿಯಂಥ ಹೆಂಗಸು, ಕೈಯಲ್ಲಿ ಪತ್ರ,
ನಗುತ್ತಾಳೋ ಅಳುತ್ತಾಳೋ
ಬರೆದ ನನಗೇ ಗೊತ್ತಿಲ್ಲ.
ಅವರಿಗೆ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು.

ನೆಕ್‌ಕದಮ್ ಎಂದರೆ ಒಳ್ಳೆಯ ಕಾಲ್ಗುಣದವನು.
ಕಾಲೇನೋ ಒಳ್ಳೆಯದೇ ಇರಬೇಕು; ನಾಲಿಗೆ ಮಾತ್ರ
ಅಕ್ಟೋಬರಿನಿಂದ ಫೆಬ್ರವರಿಯ ತನಕ ಅಲುಗಿರಲಿಲ್ಲ.
ನಾಯಿಗೂ ಇಲ್ಲ, ಲಾರಿಗೂ ಇಲ್ಲ.

ಅಂದು ಮನೆ ಬರೆದೆ.
ಚೂಪು ಮಾಡು, ಹೊಗೆಗೂಡು, ಒಳಗೆ ನಾಲ್ಕು ಕಂಬ,
ಮನೆಯೆಂದರೆ ಅಷ್ಟೇ ತಾನೆ
ಎಂದುಕೊಂಡ ಕೂಲೋಬಿನ ಬಯಲಿನವಳು ನಾನು.

ಮೂಲೆಯ ಬೆಂಚು ಕಿರುಗುಟ್ಟಿತು.
ಟೀಚರ್. ಯುವರ್ ಹೌಸ್ ಫಾಲ್.

ಕಾಲ ತಪ್ಪಿತ್ತು, ಕ್ರಿಯಾಪದದ ಬಾಲ ಉದುರಿತ್ತು.
ಕೆಂಪು ಪೆನ್ನು ಕಿಸೆಯಲ್ಲಿತ್ತು, ಅಲ್ಲೇ ಬಿಟ್ಟೆ.
ವೈ? ಎಂದೆ ಮೆಲ್ಲಗೆ,
ಕಿಟಕಿಗೆ ಬಂದ ಗುಬ್ಬಿಯ ಎದುರು ಉಸಿರು ಹಿಡಿದವಳಂತೆ.

ನಾಟ್ ಫೋರ್. ಫೈವ್.
ಬಂದ. ನನ್ನ ಕೈಯ ಇದ್ದಿಲು ಕಸಿದ.
ತೋಳಿನಿಂದ ನನ್ನ ಹೊಗೆಗೂಡು ಒರೆಸಿದ, ಚೂಪನ್ನು ಸಪಾಟು ಮಾಡಿದ,
ನಡುನೆತ್ತಿಗೆ ಚೌಕದೊಳಗೆ ಚೌಕ, ಅದರೊಳಗೆ ಚೌಕ, ಮತ್ತೊಂದು,
ಸ್ಕೈ ಕಮ್ ಹಿಯರ್, ಎಂದ.
ಐದನೆಯ ಕಂಬ ನಿಲ್ಲಿಸಿದ.
ಹಿಯರ್ ಬೇಬಿ. ಹಿಯರ್ ಬ್ರೈಡ್ ಸಿಟ್. ಹಿಯರ್ ಫಾದರ್...
ಪದ ಸಿಗಲಿಲ್ಲ; ಎರಡೂ ಕೈ ಜೋಡಿಸಿ ಕೆನ್ನೆಗಿಟ್ಟು ಕಣ್ಣು ಮುಚ್ಚಿದ.
ಸ್ಲೀಪ್! ಎಂದವು ಇಪ್ಪತ್ತೆರಡು ಬಾಯಿ.
ಎಸ್. ಸ್ಲೀಪ್. ನೌ ಫಾದರ್ ಇನ್ ರಷ್ಯಾ. ಮೇಕ್ ಹೌಸ್, ಮೆನಿ, ಮೆನಿ.
ಆ ಮನೆಗಳ ಕಂಬ ಎಷ್ಟೋ ಎಂದು ಯಾರೋ ಕೇಳಿದರು.
ಭುಜ ಕೊಡವಿದ.

ಗಂಟೆ ಹೊಡೆದದ್ದೇ ಓಡಿದವು ಎಲ್ಲವೂ,
ಉಪ್ಪು ಬೆಣ್ಣೆ ಹಾಕಿದ ಹಾಲುಚಹಾ ಕಾಯುವುದಿಲ್ಲ ಇಲ್ಲಿ ಯಾರಿಗೂ.
ನಾನು ಸುರುಳಿ ಸುತ್ತುತ್ತಿದ್ದೆ, ಗುಲಾಬಿ ಹೊರಗೆ, ಮನೆ ಒಳಗೆ.

ಬಾಗಿಲಲ್ಲಿ ನಿಂತಿದ್ದ ಇನ್ನೂ,
ಮೊಣಕೈವರೆಗೆ ಮಸಿ, ಏನೋ ಒಂದು ಬಾಕಿ ಇರುವವನಂತೆ.
ತುಟಿಯಲ್ಲೇ ಎರಡು ಸಲ ಜೋಡಿಸಿ ನೋಡಿಕೊಂಡು, ಅಂದ:

ಟೀಚರ್,
ಕೌ ಆಲ್ಸೋ ನಾಟ್ ಗುಡ್.